ಮೊಳೆ ಇಲ್ಲದ ಬೂಟು

ಶಿಗ್ಗಾಂವಿಯ ಬಜಾರದಲ್ಲಿ ಶಿದ್ಲಿಂಗಪ್ಪ ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಕೇಳುತ್ತಿದ್ದ. ಕಟ್, ಕಟ್, ಕಟ್. ಹಾನಗಲ್ಲಿನ ಜಂಗಲ್ ಖಾತೆಯ ಸಾಹೇಬನೊಬ್ಬ ವಿಲಾಯತಿಗೆ ಹೊರಟಾಗ ಮನೆಯ ಸಾಮಾನನ್ನೆಲ್ಲ ಲಿಲಾವಿಗೆ ಹಾಕಿದ್ದ. ಬುದ್ಧಿ ಇದ್ದವರು ಕುರ್ಚಿ ಕೊಂಡರು, ಕಂದೀಲು ಕೊಂಡರು. ಶಿದ್ಲಿಂಗಪ್ಪ ಬೂಟು ಕೊಂಡ. ತಳಕ್ಕೆ ಸಾಲುಸಾಲಾಗಿ ಕಬ್ಬಿಣದ ಮೊಳೆ, ಹಿಮ್ಮಡಕ್ಕೆ ಕುದುರೆಗೆ ಬಡಿದಂಥ ನಾಲು. ಅಂದಿನಿಂದ ಮಹಾಲಿಂಗಪ್ಪ ಸಾವಕಾರರ ಕಾಳಿನ ದಲಾಲಿ ಅಂಗಡಿಯ ಈ ಗುಮಾಸ್ತ, ತಲೆಗೆ ರುಮಾಲು, ನಡುವಿಗೆ ಧೋತರ, ಕಾಲಿಗೆ ವಿಲಾಯತಿ, ಹೀಗೆ ಎರಡು ದೇಶಗಳನ್ನು ಒಂದೇ ಮೈಯಲ್ಲಿ ಹೊತ್ತು ತಿರುಗತೊಡಗಿದ. ಇಂಥ ಬೂಟು ಮೆಟ್ಟಿದವನಿಗೆ ಗುಂಡಿಗೆ ಗಟ್ಟಿ ಇರಬೇಕೆಂದು ಜನ ತಿಳಿದಿದ್ದರು. ಗಟ್ಟಿತನವೆಲ್ಲ ಬೂಟಿನಲ್ಲೇ ಉಳಿದು ಮೊಣಕಾಲಿನಿಂದ ಮೇಲಕ್ಕೆ ಏರಿಲ್ಲವೆಂಬುದು ಅವನೊಬ್ಬನಿಗೆ ಗೊತ್ತಿತ್ತು.

ಏಕೆಂದರೆ ಅವನಿಗೆ ಇನ್ನೊಂದು ಚಟವಿತ್ತು: ವರ್ತಮಾನಪತ್ರ ಓದುವುದು. ನಾಲ್ವತ್ತೆರಡರ ಬೇಸಿಗೆಯಲ್ಲಿ ಜಪಾನಿನ ವಿಮಾನಗಳು ವಿಶಾಖಪಟ್ಟಣದ ಮೇಲೆ ಬಾಂಬು ಹಾಕಿದುವೆಂದು ಓದಿದ. ಗೋಡೆಯ ಮೇಲಿನ ನಕಾಶೆಯಲ್ಲಿ ವಿಶಾಖಪಟ್ಟಣದಿಂದ ಶಿಗ್ಗಾಂವಿಗೆ ಗೇಣು ಹಾಕಿ ನೋಡಿದ. ಒಂದು ಗೇಣೂ ತುಂಬಲಿಲ್ಲ! ಜಪಾನದವರಿಗೆ ಸಾವಿರ ಸಾವಿರ ಮೈಲಿ ದಾಟಿ ಬಂದ ಮೇಲೆ ಒಂದು ಗೇಣು ಏನು ಮಹಾ? ಅವನ ಹೆಂಡತಿ ವೀರವ್ವನ ಹತ್ತಿರ ಅವಳ ತಾಯಿ ಕೊಟ್ಟ ಬೋರಮಾಳ ಸರವಿತ್ತು, ಬಂಗಾರದ್ದು. “ಹುಬ್ಬಳ್ಳಿ ಬ್ಯಾಂಕಿನ ತಿಜೋರಿಯಾಗ ಇಟ್ಟ ಬರ್ತೇನಿ” ಎಂದು ಹೇಳಿ ಸರ ತೆಗೆದುಕೊಂಡು ಹೊರಟ. ಮೋಟಾರಿನ ನಿಲ್ದಾಣದಲ್ಲಿ ನಿಂತಾಗ ಅವನಿಗೆ ಹೊಳೆಯಿತು: ಜಪಾನದವರು ಮೊದಲು ಕೈ ಹಾಕುವುದೇ ಬ್ಯಾಂಕಿಗೆ. ಹಾಗೆಂದು ಹುಬ್ಬಳ್ಳಿಯ ಮೋಟಾರು ಬಿಟ್ಟು, ಎದುರು ದಿಕ್ಕಿನ ಬಂಕಾಪುರದ ದಾರಿ ಹಿಡಿದ. ಅಲ್ಲಿ ಕೋಟೆಯ ಆಚೆ ಅವನದೊಂದು ಎರೆ ಹೊಲ, ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟದ್ದು. ಸರವನ್ನು ತಾಮ್ರದ ಗಿಂಡಿಯಲ್ಲಿ ಹಾಕಿ, ಬಾಯಿಗೆ ಅರಿವೆ ಬಿಗಿದು, ಅಲ್ಲಿ ಹೂಳಿದ.

ಗುರುತು ಬೇಕಲ್ಲ? ಸುತ್ತಲೂ ನೋಡಿದ. ಹೊಲದಲ್ಲೆಲ್ಲ ದೊಡ್ಡದಾಗಿ, ಎಂದೂ ಮರೆಯದಂತೆ ಎದ್ದು ಕಾಣುತ್ತಿದ್ದುದು ಒಂದೇ: ಜೋಳದ ಕಣಿಕೆಯ ಬಣವೆ. ಅದರ ಮೂಡಣ ಮೂಲೆಗೆ ಸರಿಯಾಗಿ ಹೂಳಿ, ನಾಲ್ಕು ಸಲ ಹಿಂತಿರುಗಿ ನೋಡಿ, ನೆಮ್ಮದಿಯಿಂದ ಮನೆಗೆ ಬಂದ. ಬಣವೆ ಇರುವುದೇ ಎತ್ತುಗಳು ತಿನ್ನಲಿಕ್ಕೆಂಬ ಸಂಗತಿ, ಹೊಲವನ್ನು ಬೇರೆಯವರಿಗೆ ಕೊಟ್ಟು ಗಾದಿಯ ಮೇಲೆ ಕೂತವನಿಗೆ ಹೊಳೆಯಲಿಲ್ಲ.

ಜಪಾನದವರು ಬರಲಿಲ್ಲ. ಎತ್ತುಗಳು ಬಣವೆ ತಿಂದುವು. ಮರುವರ್ಷ ಬೇರೆ ಕಡೆ ಬಣವೆ ಎದ್ದಿತು, ಅದನ್ನೂ ತಿಂದುವು. ಯುದ್ಧವೂ ಮುಗಿಯಿತು. ಶಿದ್ಲಿಂಗಪ್ಪ ಕದ್ದು ಹೋಗಿ ಅಲ್ಲಲ್ಲಿ ಅಗೆದು ನೋಡಿ, ಪ್ರತಿ ಸಲವೂ ಹಿಡಿ ಎರೆಮಣ್ಣನ್ನು ಬೂಟಿನಲ್ಲಿ ತುಂಬಿಕೊಂಡು ಬಂದ. ಈ ನಡುವೆ ಮಗಳು ಸರೋಜವ್ವನಿಗೆ ಹಿರೇಕೆರೂರಿನ ಶಂಕ್ರಪ್ಪನವರ ಮಗನ ಜೊತೆ ಸಂಬಂಧ ಕೂಡಿಬಂತು. ಬರುವ ಸೋಮವಾರ ನಿಶ್ಚಯ.

“ಹುಡಿಗಿ ಕೊಳ್ಳಾಗ ನಮ್ಮವ್ವನ ಸರ ಇರಬೇಕು,” ಎಂದಳು ವೀರವ್ವ. “ನಾಳೆ ಹುಬ್ಬಳ್ಳಿಗೆ ಹೋಗಿ ತಗೊಂಡ ಬರ್ರಿ.”

“ನಾಳೆ ಬ್ಯಾಂಕ ಬಂದ್ ಇರತೈತಿ.”

“ನಾಡದ?”

“ನಾಡದ ತಿಜೋರಿಗೆ ಎಣ್ಣಿ ಬಿಡತಾರಂತ.”

ವೀರವ್ವ ಅಡಿಗೆ ಮನೆಗೆ ಹೋದಳು. ರೊಟ್ಟಿ ಬಡಿಯುವ ಸಪ್ಪಳ ಜೋರಾಯಿತು. ಶಿದ್ಲಿಂಗಪ್ಪನಿಗೆ ಒಳಗೆ ಬಡಿಯುತ್ತಿರುವುದು ರೊಟ್ಟಿಯಲ್ಲ, ತಾನೇ ಎನ್ನಿಸಿತು.

*

ಸವಣೂರಿನ ಮಹಮ್ಮದಗೌಸ ಬರ್ಮಾದ ಯುದ್ಧದಿಂದ ಒಂದು ಕುಂಟುಗಾಲು ಮತ್ತು ಒಂದು ಯಂತ್ರ ತಂದಿದ್ದಾನೆಂಬ ಸುದ್ದಿ ಶಿದ್ಲಿಂಗಪ್ಪನ ಕಿವಿಗೆ ಬಿದ್ದುದು ಆಗಲೇ. ಕಾಲು ಸರ್ಕಾರದ ಕೆಲಸದಲ್ಲಿ ಬಂದದ್ದು. ಯಂತ್ರ ಪುಣೆಯ ಲಿಲಾವಿನಲ್ಲಿ ಕೊಂಡದ್ದು. ಉದ್ದನೆಯ ಕೋಲು, ಅದರ ತುದಿಗೆ ರೊಟ್ಟಿಯ ಹಂಚಿನಂಥ ತಟ್ಟೆ, ಬೆನ್ನಿಗೆ ಹೊರುವ ಪೆಟ್ಟಿಗೆ, ಕಿವಿಗೆ ಮುಚ್ಚಿಕೊಳ್ಳಲು ಎರಡು ಬಟ್ಟಲು.

“ನೆಲದಾಗ ಲೋಹ ಇದ್ರ ಕಿವ್ಯಾಗ ಕೀಂ ಅಂತೈತ್ರಿ ಗುಮಾಸ್ತರ,” ಎಂದ ಮಹಮ್ಮದಗೌಸ. “ಪಲ್ಟಣಿನಾಗ ಇದನ್ನ ಹಿಡಕೊಂಡ ನೆಲದಾಗ ಹೂತ ಸುರಂಗ ಬಾಂಬ ಹುಡಕೇನಿ. ನಿಮ್ಮದೇನ ಕಳದೈತಿ?”

“ಕುಂಟಿ ಕುಡ, ಹೊಲಾ ಹರಗೂ ಕಬ್ಬಿಣ,” ಎಂದ ಶಿದ್ಲಿಂಗಪ್ಪ, ಬೆವರು ಒರೆಸಿಕೊಂಡು.

“ಒಂದ ಕುಂಟಿ ಕುಡದ ಸಲುವಾಗಿ ಶಿಗ್ಗಾಂವಿಯಿಂದ ಬಂದ್ರಿ?”

“ಅಪ್ಪನ ಕಾಲದ ಕುಡರಿ. ಜೀವ ಎಲ್ಲಾ ಅದರಾಗ ಐತಿ.”

ಮಹಮ್ಮದಗೌಸ ಅವನ ಮುಖ ನೋಡಿದ, ಆಮೇಲೆ ಕಾಲು ನೋಡಿದ. ಯಂತ್ರದ ತಟ್ಟೆಯನ್ನು ಬೂಟಿನ ಹತ್ತಿರ ಒಯ್ದ. ಗೋಡೆಯಾಚೆಯ ಕೋಳಿಗಳು ಹಾರಿಹೋಗುವಂತೆ ಬಟ್ಟಲುಗಳು ಕಿರುಚಿದುವು.

“ಇದು ಬೂಟ ಅಲ್ಲರಿ, ಕಮ್ಮಾರನ ಅಂಗಡಿ! ಇದನ್ನ ಹಾಕ್ಕೊಂಡ ಹೊಲಕ್ಕ ಇಳದ್ರ ನೀವು ನಿಮ್ಮ ಕಾಲನ್ನ ಹುಡಕ್ಕೋತ ಹೋಗೂದು. ನನಗ ಬಿರಕ ಬಿಟ್ಟ ಎರಿಯಾಗ ನಡ್ಯಾಕ ಆಗಂಗಿಲ್ಲ, ನಡಿಯೂದು ನೀವ. ಮೈಮ್ಯಾಲೆ ಒಂದ ಗುಂಡಸೂಜಿ ಸೈತ ಇರಬಾರದು.”

“ಬರಿಗಾಲಲೆ ನಡದ್ರ?”

“ನಡೀರಿ. ಜಾಲಿ ಮುಳ್ಳದಾವು. ಬಿಸಲಿಗೆ ಹೊಲದಾಗ ರೊಟ್ಟಿ ಸುಡಬಹುದು. ಯಾರ ಬ್ಯಾಡಂತಾರ? ನಡೀರಿ.”

ಶಿದ್ಲಿಂಗಪ್ಪ ತನ್ನ ಕಾಲುಗಳನ್ನು ನೆನೆಸಿಕೊಂಡ. ವರ್ಷಗಟ್ಟಲೆ ಬೂಟಿನೊಳಗೆ ಬೆಳೆದು ಅವು ಹಾಲಲ್ಲಿ ನೆನೆದ ರೊಟ್ಟಿಯಂತಾಗಿದ್ದುವು.

“ಮೊಳಿ ಇಲ್ಲದ್ದು, ಮೆತ್ತಗಿನದು, ಕಾಲಿಗೆ ಹಿತ ಅನಸೂವಂಥಾದು ಒಂದ ಜೋಡು ಮಾಡಸ್ರಿ,” ಎಂದ ಮಹಮ್ಮದಗೌಸ. “ಕಾಲು ಕಚ್ಚಾಕತ್ತಿದ್ರ ಲಕ್ಷ್ಯ ಎಲ್ಲಾ ಕಾಲಿಗೆ ಹೋಗತೈತಿ, ಕಿವಿಗೆ ಹೋಗಂಗಿಲ್ಲ. ಬೂಟು ಬಂದ ದಿವಸ ಹೇಳಿ ಕಳಸ್ರಿ, ಚಕ್ಕಡಿ ಹೂಡಕೊಂಡ ಬರ್ತೇನಿ.”

*

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಮ್ಮ ಕಡೆ ‘ಮೊಳಿ’ ಎಂದರೆ ಎರಡು. ಒಂದು, ಬಾಗಿಲಿಗೆ ಬಡಿಯುವ ಕಬ್ಬಿಣದ ಮೊಳೆ. ಅದನ್ನು ಜನ ಧೈರ್ಯವಾಗಿ ಹೇಳುತ್ತಾರೆ. ಇನ್ನೊಂದು ಮೂಲವ್ಯಾಧಿ. ಅದನ್ನು ದನಿ ತಗ್ಗಿಸಿ, ಆಚೀಚೆ ನೋಡಿ ಹೇಳುತ್ತಾರೆ. ಶಿದ್ಲಿಂಗಪ್ಪ ಮರುದಿನ ರಜೆ ಕೇಳಲು ಸಾವಕಾರರ ಗಾದಿಯ ಹತ್ತಿರ ಹೋದಾಗ, ಬಂಗಾರದ ಗುಟ್ಟು ಎಲ್ಲಿ ಹೊರಬೀಳುವುದೋ ಎಂಬ ಭಯದಿಂದ ದನಿ ತಗ್ಗಿಸಿದ, ಆಚೀಚೆ ನೋಡಿದ. ಎಲ್ಲಕ್ಕೂ ಅದೇ ಮೂಲವಾಯಿತು.

“ಸಾವಕಾರ್ರ, ಎರಡು ದಿವಸ ರಜಾ ಬೇಕಾಗಿತ್ತರಿ. ಮೊಳಿ ತಗಸೂದೈತಿ.”

ಮಹಾಲಿಂಗಪ್ಪ ಸಾವಕಾರರು ಬಾಯಿಗೆ ಹೋಗುತ್ತಿದ್ದ ಎಲೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಗುಮಾಸ್ತನನ್ನು ಮೇಲಿನಿಂದ ಕೆಳಗೆ, ಕೆಳಗೆ ಸ್ವಲ್ಪ ಹೆಚ್ಚು ಹೊತ್ತು, ನೋಡಿದರು.

“ಎಂದಿನಿಂದೋ ಶಿದ್ಲಿಂಗಪ್ಪಾ?”

“ಹಾನಗಲ್ಲಿಗೆ ಹೋಗಿ ಬಂದಾಗಿಂದರಿ.”

“ಹಾನಗಲ್ಲ ನೀರ ಹಂಗಪಾ. ರಕ್ತ ಬರತೈತೇನು?”

“ಒಮ್ಮೊಮ್ಮೆ ಬರತೈತ್ರಿ. ಒಂದ ಮೊಳಿ ಒಳಗ ಎದ್ದೈತಿ.”

“ಶಿವನ! ಎಷ್ಟ ಅದಾವು?”

“ಒಂದೊಂದು ಕಡೆ ಇಪ್ಪತ್ತರ ತನಕ ಇರಬೇಕ್ರಿ.”

ಸಾವಕಾರರು ಗೋಡೆಗೆ ಒರಗಿದರು. “ಒಂದೊಂದು ಕಡೆ!”

“ಹಿಂದ ನಾಲೂ ಐತ್ರಿ.”

“ನಾಲು?”

“ಕುದರಿಗೆ ಬಡೀತಾರಲ್ರಿ, ಹಂಥಾದು. ಅದನ್ನೂ ತಗಸಬೇಕ್ರಿ. ಯಾರ ಮುಂದನೂ ಆಡಬ್ಯಾಡ್ರಿ, ನನ್ನ ಮಾನದ ಪ್ರಶ್ನೆ.”

“ನಾ ಯಾಕ ಆಡಲೆಪಾ!” ಎಂದ ಸಾವಕಾರರು ತಾವು ಒರಗುವ ಮೆತ್ತನೆಯ ಲೋಡನ್ನು ತೆಗೆದು ಅವನ ಕಡೆಗೆ ದೂಡಿದರು. “ತಗೋ, ಇದರ ಮ್ಯಾಲೆ ಕುಂದರು. ಅಂದ್ರ ನಿನಗ ಹೆಂಗ ಅನುಕೂಲ ಹಂಗ. ನಿಂತರೂ ನನ್ನದೇನೂ ಅಭ್ಯಂತರ ಇಲ್ಲ.”

ಹನ್ನೆರಡು ವರ್ಷದ ಚಾಕರಿಯಲ್ಲಿ ಸಾವಕಾರರು ಕೊಟ್ಟ ಮೊದಲ ಮರ್ಯಾದೆ ಅದು. ಶಿದ್ಲಿಂಗಪ್ಪನಿಗೆ ಸಂತೋಷಕ್ಕಿಂತ ಸಂಶಯವೇ ಹೆಚ್ಚಾಯಿತು. ಬಂಗಾರದ ವಾಸನೆ ಹತ್ತದೆ ಯಾವ ಸಾವಕಾರನಾದರೂ ಲೋಡು ಬಿಟ್ಟುಕೊಟ್ಟಾನೆಯೇ?

ಸಾವಕಾರರು ಕೊಟ್ಟ ಮಾತಿನಂತೆ ಯಾರ ಮುಂದೆಯೂ ಆಡಲಿಲ್ಲ. ತಮ್ಮ ಅಕ್ಕ ನಾಗವ್ವನ ಮುಂದೆ ಮಾತ್ರ ಆಡಿದರು. ನಾಗವ್ವ ಶಿದ್ಲಿಂಗಪ್ಪನ ಗೋಡೆಗೆ ಗೋಡೆ ಹಚ್ಚಿದ ನೆರೆ. ಅವಳಿಗೆ ಹೇಳಿದರೆ ಡಂಗುರ ಸಾರಿಸುವ ಖರ್ಚು ಉಳಿಯುತ್ತದೆಂದು ಊರವರ ಅನುಭವ.

*

ಚರ್ಮದ ಕೆಲಸದ ರಾಜೇಸಾಬ ಮೊದಲು ಹಳೆಯ ಬೂಟಿನಿಂದಲೇ ಮೊಳೆ ಕಿತ್ತುಕೊಟ್ಟ. ಅದನ್ನು ಮೆಟ್ಟಿ ಶಿದ್ಲಿಂಗಪ್ಪ ಅಂಗಡಿಯಿಂದ ಇಳಿದು ನಾಲ್ಕು ಹೆಜ್ಜೆ ಹೋಗುವುದರೊಳಗೆ ಎರಡೂ ಬೂಟುಗಳು ಮೊಸಳೆಯ ಹಾಗೆ ಬಾಯಿ ತೆರೆದುವು. ಅವನು ಕಾಲು ಎತ್ತಿ ಎತ್ತಿ, ಅಗಲಿಸಿ ಅಗಲಿಸಿ ಹಿಂದಕ್ಕೆ ಬಂದ. ಬಜಾರು ಅದನ್ನು ನೋಡಿತು. ಕಟ್ ಕಟ್ ಸಪ್ಪಳ ನಿಂತದ್ದನ್ನೂ ಗಮನಿಸಿತು.

“ಪಾಪ, ನಡಿಗಿನ ಬದಲಾತು,” ಎಂದಿತು ಬಜಾರು.

ರಾಜೇಸಾಬ ಕ್ಯಾನವಾಸಿನ ಜೋಡು ತೋರಿಸಿದ. ಹಗುರ, ಮೆತ್ತಗೆ. ಶಿದ್ಲಿಂಗಪ್ಪ ಕಿಸೆಯಿಂದ ಸೂಜಿಗಲ್ಲು ತೆಗೆದು ಅದರ ಮೈಮೇಲೆಲ್ಲ ಆಡಿಸಿದ. ಅಂಟಲಿಲ್ಲ. ಲಾಡಿ ಪೋಣಿಸುವ ತೂತುಗಳಿಗೆ ಹಿತ್ತಾಳೆಯ ಬಳೆಗಳಿದ್ದುವು.

“ಇದು ಹಿತ್ತಾಳಿ,” ಎಂದ ಶಿದ್ಲಿಂಗಪ್ಪ.

“ಹಿತ್ತಾಳಿ ಮೊಳಿ ಅಲ್ಲಲ್ರಿ!”

“ಲೋಹ ಅಲ್ಲೇನು? ಕಿರಚತೈತಿ.”

“ಏನ ಕಿರಚತೈತ್ರಿ?”

ಶಿದ್ಲಿಂಗಪ್ಪ ಸೂಜಿಗಲ್ಲನ್ನು ಕಿಸೆಗೆ ಹಾಕಿಕೊಂಡ. ರಾಜೇಸಾಬನಿಗೂ ಬಜಾರಿನ ಸುದ್ದಿ ಮುಟ್ಟಿತ್ತು. ನೋವಿಗೆ ಮನುಷ್ಯ ಕಿರುಚುವುದುಂಟು, ಅದರಲ್ಲಿ ಕೇಳುವುದೇನೆಂದು ಅವನು ಕ್ಯಾನವಾಸಿನ ಜೋಡನ್ನು ಎತ್ತಿಟ್ಟ.

“ನಿಮ್ಮ ತ್ರಾಸ ನನಗ ಗೊತ್ತೈತಿ ಬಿಡ್ರಿ,” ಎಂದ ಮೆಲ್ಲಗೆ. “ಎಮ್ಮಿ ಚರ್ಮ, ಸಣಬಿನ ದಾರದ ಹೊಲಿಗಿ, ಹಿಮ್ಮಡಕ್ಕ ಬಿದರಿನ ಗೂಟ. ಒಳಗ ಕಂಬಳಿ ತುಂಡು ಹಾಸತೇನಿ. ನಡದ್ರ ನಡದಂಗ ಅನಸಬಾರದು, ಝೋಲಿ ಹೊಡಿಯದಂಗ ಒಯ್ದ ಮುಟ್ಟಸಬೇಕು. ನಮ್ಮ ಮಾವಗೂ ಇತ್ತರಿ. ಹೆಜ್ಜಿ ಹೆಜ್ಜಿಗೆ ಅಲ್ಲಾನ್ನ ನೆನಸತಿದ್ದ.”

“ನಿಮ್ಮ ಮಾವಗೂ?” ಶಿದ್ಲಿಂಗಪ್ಪ ಬೆಚ್ಚಿದ. “ಅವರೂ ಹೂಳಿದ್ರೇನು?”

“ಹೂಳಿದ್ವರಿ, ಹೋದ ವರ್ಸ,” ಎಂದು ರಾಜೇಸಾಬ ಕಣ್ಣೊರೆಸಿಕೊಂಡ.

ಮನೆಗೆ ಬಂದರೆ ಕಟ್ಟೆಯ ಮೇಲೆ ನಾಗವ್ವ, ಮಡಿಲಲ್ಲಿ ಒಂದು ದೊಡ್ಡ ಸುವರ್ಣಗಡ್ಡೆ. ಅದು ಯಾವ ರೋಗಕ್ಕೆ ಪಥ್ಯವೆಂದು ಅಡಿಗೆ ಮನೆಯಲ್ಲಿ ಬದುಕಿದ ಯಾರಿಗೂ ಗೊತ್ತು. ಶಿದ್ಲಿಂಗಪ್ಪ ಅಡಿಗೆ ಮನೆಯಲ್ಲಿ ಬದುಕಿದವನಲ್ಲ. ನಾಗವ್ವ ಗಡ್ಡೆಯ ಹೆಸರು ಹೇಳಿದಾಗ ಅವನ ಕಿವಿಗೆ ಸುವರ್ಣ ಎಂಬ ಮೂರಕ್ಷರ ಮಾತ್ರ ಬಿತ್ತು.

“ಎಲ್ಲಾ ಗೊತ್ತಾಗೇತಿ ಬಿಡೋ ಶಿದ್ಲಿಂಗಪ್ಪಾ,” ಎಂದಳು ನಾಗವ್ವ. “ಹಿಂಥಾದ್ದನ್ನ ವರ್ಸಾನಗಟ್ಟಲೆ ಮುಚ್ಚಿಡಬಾರದು. ಹೊರಗ ತಗದ್ರನ ಜೀವಕ್ಕ ಸಮಾಧಾನ.”

ಶಿದ್ಲಿಂಗಪ್ಪ ಕಂಬ ಹಿಡಿದುಕೊಂಡ. “ಯಾರ‍್ಯಾರಿಗೆ ಗೊತ್ತೈತ್ರಿ?”

“ಬಜಾರಕ್ಕೆಲ್ಲಾ ಗೊತ್ತೈತಿ.”

“ಎಲ್ಲಿ ಐತಿ ಅನ್ನೂದೂ ಗೊತ್ತೈತೇನು?”

ನಾಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು. “ಅಯ್ಯ, ಅದು ಎಲ್ಲಿ ಇರತೈತಿ ಅನ್ನೂದು ಯಾರಿಗೆ ಗೊತ್ತಿಲ್ಲೋ!”

ಎಲ್ಲರಿಗೂ ಗೊತ್ತಿದೆ. ಜಗತ್ತಿನಲ್ಲಿ ಗೊತ್ತಿಲ್ಲದವನು ಹೂಳಿದವನೊಬ್ಬನೇ!

“ಯಕ್ಕಾ, ನಿಮ್ಮ ಕಾಲ ಬೀಳತೇನಿ, ವೀರವ್ವಗ ಮಾತ್ರ ಹೇಳಬ್ಯಾಡ್ರಿ.”

“ಇಲ್ಲಪಾ,” ಎಂದು ಎದ್ದ ನಾಗವ್ವ ಗಡ್ಡೆ ಹಿಡಿದುಕೊಂಡು ನೇರ ಅಡಿಗೆ ಮನೆಗೆ ನಡೆದಳು.

ಅಂದಿನ ಊಟದಲ್ಲಿ ಗಡ್ಡೆಯ ಪಲ್ಯ, ಗಡ್ಡೆಯ ಹುಳಿ, ಮಜ್ಜಿಗೆ. ಖಾರವಿಲ್ಲ. ವೀರವ್ವನ ಕಣ್ಣುಗಳು ಕೆಂಪಾಗಿದ್ದುವು, ಆದರೆ ಸರದ ಮಾತೇ ಎತ್ತಲಿಲ್ಲ. ಅವನು ಕೂಡುವ ಮಣೆಯ ಮೇಲೆ ಅವಳು ಮಡಿಸಿದ ಕೌದಿ ಹಾಕಿದ್ದಳು, ಒಂದಲ್ಲ, ಎರಡು. ಗಂಡ ಇಷ್ಟು ವರ್ಷ ನೋವು ನುಂಗಿದ್ದನ್ನು ನೆನೆದು ಅವಳು ಅಳುತ್ತಿದ್ದಳು. ಅವಳಿಗೆ ಇನ್ನೂ ಗೊತ್ತಾಗಿಲ್ಲವೆಂದು ಅವನು ನಿಟ್ಟುಸಿರು ಬಿಡುತ್ತಿದ್ದ. ಸಂಸಾರ ಇಷ್ಟು ಅನ್ಯೋನ್ಯವಾಗಿ ನಡೆದು ಬಹಳ ದಿನವಾಗಿತ್ತು.

ಬೂಟು ಬಂತು. ರಾಜೇಸಾಬ ತಾನೇ ತಂದುಕೊಟ್ಟ. ಶಿದ್ಲಿಂಗಪ್ಪ ಕಾಲಿಟ್ಟು ನೋಡಿದ. ಬೆಕ್ಕಿನ ಮರಿಯ ಮೇಲೆ ನಿಂತಂತಿತ್ತು. ಸೂಜಿಗಲ್ಲು ಆಡಿಸಿದ, ಎಲ್ಲಿಯೂ ಹಿಡಿಯಲಿಲ್ಲ.

“ಹೊಸಾ ಜೋಡು, ದೇವರ ಮುಂದ ಇಟ್ಟ ಕೊಡತೇನಿ,” ಎಂದು ವೀರವ್ವ ಅದನ್ನು ಎತ್ತಿಕೊಂಡು ಒಳಗೆ ಹೋದಳು. ದೇವರ ಮುಂದೆ ಬೂಟು ಇಡುವ ಪದ್ಧತಿ ಯಾವ ಮನೆಯಲ್ಲಿದೆಯೆಂದು ಕೇಳಬೇಕಾಗಿತ್ತು. ಹೆದರಿದವನು ಪ್ರಶ್ನೆ ಕೇಳುವುದಿಲ್ಲ.

*

ಮರುದಿನ ಮುಂಜಾನೆ ವೀರವ್ವ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಶಿದ್ಲಿಂಗಪ್ಪ ಬೆರಳಿನ ಉಂಗುರ ತೆಗೆದಿಟ್ಟ. ಬೆಳ್ಳಿಯ ಉಡದಾರ ಬಿಚ್ಚಿಟ್ಟ. ಕಿವಿಯ ಮುರುವು ತೆಗೆದ. ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯಿಂದ ಲಿಂಗವನ್ನು ತೆಗೆದು, ಕಣ್ಣಿಗೊತ್ತಿಕೊಂಡು, ಅರಿವೆಯಲ್ಲಿ ಕಟ್ಟಿ ಎದೆಗೆ ಹಾಕಿಕೊಂಡ. ಒಡವೆ ಎಲ್ಲ ಮಣೆಯ ಮೇಲೆ ಸಾಲಾಗಿ ಇಟ್ಟು, ಹಿಂದಿರುಗಿ ನೋಡದೆ ಹೊರಟ. ಬದುಕಿಗೆ ಶರಣು ಹೊಡೆದವರು ಹೊರಡುವುದು ಹೀಗೆಯೇ ಅಲ್ಲವೆ?

ಅವಳು ನಾಗವ್ವನ ಮನೆಗೆ ಓಡಿದಳು. ಅಲ್ಲಿ ಅದೇ ತಾನೇ ಹಿರೇಕೆರೂರಿನ ಮೋಟಾರಿನಿಂದ ಇಳಿದು, ದಾರಿ ಕೇಳುತ್ತ ಬಂದ ಒಬ್ಬರು ಕಟ್ಟೆಯ ಮೇಲೆ ಕೂಡದೆ ನಿಂತಿದ್ದರು. ಬೀಗರು ಶಂಕ್ರಪ್ಪನವರು! ದೊಡ್ಡ ಮೀಸೆ, ಸಣ್ಣ ಮಾತು. ಸೋಮವಾರ ಬರಬೇಕಾದವರು ಶುಕ್ರವಾರವೇ ಬಂದಿದ್ದರು. ಶಿದ್ಲಿಂಗಪ್ಪ ಚಕ್ಕಡಿ ಹತ್ತಿ ಬಂಕಾಪುರದ ಕಡೆ ಹೋದನೆಂದು ಬಜಾರು ಹೇಳಿತು, ಮೂವರೂ ಅತ್ತ ಹೊರಟರು.

ಇತ್ತ ಬಂಕಾಪುರದ ಹೊಲದಲ್ಲಿ ಮಹಮ್ಮದಗೌಸ ಶಿದ್ಲಿಂಗಪ್ಪನ ಬೆನ್ನಿಗೆ ಪೆಟ್ಟಿಗೆ ಬಿಗಿದು, ಕಿವಿಗೆ ಬಟ್ಟಲು ಮುಚ್ಚಿ, “ಕೀಂ ಅಂದಲ್ಲಿ ಅಗೀರಿ” ಎಂದು ಹೇಳಿ, ಬೇವಿನ ನೆರಳಲ್ಲಿ ಚಕ್ಕಡಿಯ ಮೇಲೆ ಮಲಗಿಬಿಟ್ಟ. ಶಿದ್ಲಿಂಗಪ್ಪ ಬಲಗಾಲು ಇಟ್ಟ. ಶಾಂತ. ಎಡಗಾಲು ಇಟ್ಟ.

ಕೀಂ!

ಇಷ್ಟು ಬೇಗ! ಅವನು ಕೋಲು ಕೆಳಗಿಟ್ಟು, ಬದುವಿನ ಮೇಲೆ ದೂರ ಇಟ್ಟಿದ್ದ ಗುದ್ದಲಿಗೆ ಓಡಿದ. ಅಗೆದ. ಏನೂ ಇಲ್ಲ. ಗುದ್ದಲಿ ಕಬ್ಬಿಣದ್ದಾದ್ದರಿಂದ ಮತ್ತೆ ದೂರ ಒಯ್ದಿಟ್ಟು ಬಂದ. ಬಲಗಾಲು, ಶಾಂತ. ಎಡಗಾಲು, ಕೀಂ! ಮತ್ತೆ ಓಡಿದ. ಬೂಟು ಮಾತ್ರ ಸ್ವರ್ಗಸುಖ, ಒಂದು ಮುಳ್ಳೂ ತಾಗಲಿಲ್ಲ. ಆದರೆ ಹೊಲದ ತುಂಬ ಬಂಗಾರವೇ ಇದ್ದಂತೆ ಹೆಜ್ಜೆ ಬಿಟ್ಟು ಹೆಜ್ಜೆಗೆ ಕೂಗು. ಇದು ವೀರವ್ವನ ಸರವೋ, ಕೋಟೆಯ ಹಳೆಯ ನವಾಬರ ಖಜಾನೆಯೋ? ಬಿಸಿಲು ನೆತ್ತಿಗೆ ಏರುವಾಗ ಹೊಲವೆಲ್ಲ ತಗ್ಗು, ತಗ್ಗಿನ ನಡುವೆ ಶಿದ್ಲಿಂಗಪ್ಪ.

ಅವನು ತಲೆ ಎತ್ತಿದಾಗ ಬದುವಿನ ಮೇಲೆ ಮೂರು ಮಂದಿ ನಿಂತಿದ್ದರು.

ನಾಗವ್ವ ಹೊಲದ ಈ ತುದಿಯಿಂದ ಆ ತುದಿ ನೋಡಿದಳು. “ಅಯ್ಯ ಶಿವನ,” ಎಂದು ಎದೆಗೆ ಕೈ ಹಚ್ಚಿದಳು. “ಮುಂಜಾನಿಂದ ಎಷ್ಟ ಸಲ ಕುಂತಾನವ್ವಾ ಇವ!”

ಶಂಕ್ರಪ್ಪನವರು ತಗ್ಗುಗಳನ್ನು ದಾಟಿ ದಾಟಿ ಹತ್ತಿರ ಬಂದರು. “ಬೀಗರ, ನಿಮ್ಮ ಸುದ್ದಿ ಹಿರೇಕೆರೂರ ತನಕ ಬಂದೈತಿ. ಖರೇನೋ ಸುಳ್ಳೋ, ನಿಮ್ಮ ಬಾಯಿಂದ ಕೇಳಬೇಕು.”

“ಯಾವ ಸುದ್ದಿರಿ?”

“ಮೊಳಿ ಸುದ್ದಿ,” ಎಂದಳು ನಾಗವ್ವ. “ಇನ್ನೂ ಯಾಕ ಮುಚ್ಚತೀಯೋ? ರಾಜೇಸಾಬನ ಮಾವಗ ಆಗಿದ್ದ ರೋಗನ ನಿನಗೂ ಆಗೇತಿ ಅಂತ ಊರಿಗೆಲ್ಲಾ ಗೊತ್ತೈತಿ.”

ಲೋಡು, ಗಡ್ಡೆ, ಎರಡು ಕೌದಿ, ರಾಜೇಸಾಬನ ಕಣ್ಣೀರು, ಎಲ್ಲವೂ ಒಮ್ಮೆಲೇ ಶಿದ್ಲಿಂಗಪ್ಪನ ತಲೆಯಲ್ಲಿ ಜಾಗಕ್ಕೆ ಜಾಗ ಕೂತುವು. ಇಲ್ಲ ಎನ್ನಲು ಬಾಯಿ ತೆರೆದ. ವೀರವ್ವ ನೋಡುತ್ತಿದ್ದಳು. ಇಲ್ಲ ಎಂದರೆ ಮುಂದಿನ ಪ್ರಶ್ನೆ, ಹಾಗಾದರೆ ಇಲ್ಲಿ ಏನು ಅಗೆಯುತ್ತಿದ್ದೀರಿ? ಒಂದು ಕಡೆ ಮಾನ, ಒಂದು ಕಡೆ ಹೆಂಡತಿ. ಮಾನಕ್ಕೆ ಹೆದರುವವರು ಊರಲ್ಲಿ ಬೇರೆ ಇದ್ದರು.

“ಹೌದ್ರಿ,” ಎಂದ. “ಐತಿ. ಭಾಳ ಐತಿ.”

ಶಂಕ್ರಪ್ಪನವರ ಮೀಸೆ ನಡುಗಿತು. ಅವರು ಬೀಗನ ಹೆಗಲ ಮೇಲೆ ಕೈ ಹಾಕಿ ಮೂರು ತಗ್ಗು ಆಚೆಗೆ ಕರೆದುಕೊಂಡು ಹೋದರು. ಸಂಬಂಧ ಮುರಿಯಿತೆಂದೇ ಶಿದ್ಲಿಂಗಪ್ಪ ತಿಳಿದ. ಶಂಕ್ರಪ್ಪನವರು ಅವನ ಕಿವಿಯ ಬಟ್ಟಲು ಸರಿಸಿ ಪಿಸುಗುಟ್ಟಿದರು.

“ನನಗೂ ಐತ್ರಿ.”

“ಆಂ?”

“ಹತ್ತ ವರ್ಸಾತು. ಮನ್ಯಾಗ ಸೈತ ಹೇಳಿಲ್ಲ. ನೀವು ಹೆಂಗ ಧೈರ್ಯಾ ಮಾಡಿ ಊರಿಗೆಲ್ಲಾ ಹೇಳಿದ್ರಿ? ಅದನ್ನ ಕೇಳಾಕ ಬಂದೆ.” ಅವರು ಯಂತ್ರವನ್ನು ಆಸೆಯಿಂದ ನೋಡಿದರು. “ಇದು ಅದರ ಮಿಶನ್ ಏನ್ರಿ?”

“ಹೌ... ಹೌದ್ರಿ.”

“ರೋಗ ಅಲ್ಲಿದ್ರ, ಕಿವಿಗೆ ಯಾಕ ಹಾಕ್ಕೋತಾರ?”

ಈ ಪ್ರಶ್ನೆಗೆ ಶಿದ್ಲಿಂಗಪ್ಪ ಏನು ಉತ್ತರ ಕೊಡುತ್ತಿದ್ದನೋ, ಅಷ್ಟರಲ್ಲಿ ಮಾತಿನ ಗದ್ದಲಕ್ಕೆ ಮಹಮ್ಮದಗೌಸನಿಗೆ ಎಚ್ಚರವಾಯಿತು. ಅವನು ಹೊಲ ನೋಡಿದ. ತಗ್ಗು ನೋಡಿದ. ಬದುವಿನ ಮೇಲಿಂದ ನಾಗವ್ವ “ಮೊಳಿ ಭಾಳ ಐತಂತ, ತಾನ ಒಪ್ಪಿಕೊಂಡಾನ” ಎಂದದ್ದು ಅವನ ಕಿವಿಗೆ ಬಿತ್ತು. ಕುಂಟುತ್ತ ಓಡಿ ಬಂದ.

“ಮೊಳಿ ಐತೇನು? ಯಾ ಅಲ್ಲಾ! ಮೊದ್ಲ ಹೇಳೂದಲ್ಲೇನ್ರಿ? ತಗೀರಿ! ಈಗಿಂದೀಗ ತಗೀರಿ!”

“ಇಲ್ಲೇನು?” ಎಂದ ಶಿದ್ಲಿಂಗಪ್ಪ.

“ಮತ್ತೆಲ್ಲಿ? ಎಲ್ಲಾರ ಮುಂದ ತಗೀರಿ, ನಾ ಖಾತ್ರಿ ಮಾಡ್ಕೋಬೇಕು!”

ನಾಗವ್ವ ಮುಖ ಮುಚ್ಚಿಕೊಂಡು ಬೆರಳ ಸಂದಿ ಮಾಡಿಕೊಂಡಳು. ಶಂಕ್ರಪ್ಪನವರು ಇನ್ನೊಂದು ಹೆಜ್ಜೆ ಹತ್ತಿರ ಬಂದರು. ಮಹಮ್ಮದಗೌಸ ಶಿದ್ಲಿಂಗಪ್ಪನನ್ನು ತಗ್ಗಿನ ದಂಡೆಗೆ ಕೂಡಿಸಿ ಎಡಗಾಲಿನ ಬೂಟು ಕಿತ್ತ. ತಟ್ಟೆ ಹಿಡಿದ. ಕೀಂ! ಚಾಕು ಹಾಕಿ ಹಿಮ್ಮಡ ಸೀಳಿದ. ಕಂಬಳಿಯ ತುಂಡಿನ ಕೆಳಗೆ, ಎರಡು ಪದರು ಚರ್ಮದ ನಡುವೆ, ಅರಿಷಿಣ ಕುಂಕುಮ ಹಚ್ಚಿದ ಒಂದು ಕಪ್ಪು ಮೊಳೆ ಮಲಗಿತ್ತು.

“ಅಯ್ಯಯ್ಯ, ಅದನ್ನ ತಗೀಬ್ಯಾಡ್ರೀ!” ಎಂದು ವೀರವ್ವ ಓಡಿ ಬಂದಳು. “ಬಂಕಾಪುರದಾಗ ನಾಟಿ ಮದ್ದ ಕೊಡೂ ರಮಜಾನಬಿ ಕೊಟ್ಟದ್ದು! ಕರಿ ಕುದರಿ ನಾಲಿನ ಮೊಳಿ. ಮೊಳಿಗೆ ಮೊಳಿನ ಮದ್ದು. ಎಡಗಾಲ ಹಿಮ್ಮಡದಾಗ ಗಂಡಗ ಗೊತ್ತಿಲ್ಲದಂಗ ಇದ್ರನ ಗುಣ ಆಗೂದು ಅಂದಿದ್ಲು. ದೇವರ ಮುಂದ ಇಟ್ಟ, ರಾಜೇಸಾಬನ ಕಡೆ ಮತ್ತ ಹೊಲಸಿದ್ದೆ!”

ಮಹಮ್ಮದಗೌಸ ಮೊಳೆ ನೋಡಿದ, ಬೂಟು ನೋಡಿದ, ವೀರವ್ವನನ್ನು ನೋಡಿದ. “ಅಂದ್ರ ಇವರು ಮುಂಜಾನಿಂದ ಹುಡಕಾಕತ್ತಿದ್ದು ಈ ಮೊಳಿನ! ತಂಗೇವ್ವಾ, ಇವರು ತಗಸಬೇಕಂತ ಅಂದದ್ದು ಬೂಟಿನ ಮೊಳಿನ. ಮೊಳಿ ಇದ್ರ ನನ್ನ ಮಿಶನ್ನಿಗೆ ನಡಿಯಂಗಿಲ್ಲ. ರೋಗದ ಮಾತು ಯಾರ ತಗದ್ರು?”

ಎಲ್ಲರೂ ನಾಗವ್ವನನ್ನು ನೋಡಿದರು. ನಾಗವ್ವ ಆಕಾಶ ನೋಡಿದಳು. ಶಂಕ್ರಪ್ಪನವರ ಮುಖದ ಬಣ್ಣ ಇಳಿಯಿತು. ವೀರವ್ವ ಮಾತ್ರ ನಿಧಾನವಾಗಿ ಗಂಡನ ಕಡೆ ತಿರುಗಿದಳು.

“ರೋಗ ಇಲ್ಲ. ಹಂಗಾರ ಈ ಮಿಶನ್ ತಗೊಂಡ ಇಲ್ಲಿ ಏನ ಹುಡಕಾಕತ್ತಿದ್ರಿ?”

“ಕುಡ,” ಎಂದ ಮಹಮ್ಮದಗೌಸ, ಸಹಾಯ ಮಾಡಲು.

“ಯಾರ ಕುಡ?”

ಶಿದ್ಲಿಂಗಪ್ಪ ಒಂದು ಬೂಟಿನ ಮೇಲೆ ನಿಂತಿದ್ದ. ಸುಳ್ಳು ಹೇಳಲು ಮನುಷ್ಯನಿಗೆ ಎರಡು ಕಾಲಾದರೂ ಬೇಕು.

“ಸರ,” ಎಂದ. “ನಿಮ್ಮವ್ವನ ಸರ. ಬ್ಯಾಂಕಿನಾಗ ಇಟ್ಟಿಲ್ಲ. ಜಪಾನದವರು ಬರತಾರಂತ ಇಲ್ಲೆ ಹೂಳಿದ್ದೆ.”

“ಎಲ್ಲೆ?”

“ಬಣವಿ ಮೂಡಣ ಮೂಲಿಗೆ.”

ವೀರವ್ವ ಸೊಂಟಕ್ಕೆ ಕೈ ಕೊಟ್ಟು ಹೊಲ ನೋಡಿದಳು.

“ಆ ವರ್ಸ ಬಣವಿ ಬಾವಿ ಕಡೆ ಒಟ್ಟಿದ್ರು,” ಎಂದಳು. “ಅದರಾಗ ನಮ್ಮ ಪಾಲಿಗೆ ಬಂದ ಎರಡ ಗಾಡಿ ಕಣಿಕಿ ನಾನ ಮಾರೇನಿ. ಅಲ್ಲೆ, ಆ ಕಲ್ಲಿನ ಹಂತ್ಯಾಕ.” ಬೆರಳು ಮಾಡಿದಳು. “ನನ್ನ ಒಂದ ಮಾತ ಕೇಳಿದ್ರ ಆಗತಿತ್ತು.”

ಅವನು ಅತ್ತ ಹೊರಟ. ಬಲಗಾಲು ಸ್ವರ್ಗದಲ್ಲಿ, ಎಡಗಾಲು ಕಾದ ಹಂಚಿನ ಮೇಲೆ. ಮುಳ್ಳು ಹೊಕ್ಕಿತು, “ಅಯ್ಯೋ” ಎಂದ. ಇನ್ನೊಂದು ಹೊಕ್ಕಿತು, ಶಿವನ ಹೆಸರು ಹೇಳಿದ. ಕಿವಿಯಲ್ಲಿ ಮಾತ್ರ ಶಾಂತ, ಶಾಂತ, ಶಾಂತ. ಕಲ್ಲಿನ ಹತ್ತಿರ ಬಂದಾಗ, ಯಾವ ಕಾಲೂ ಎತ್ತದೆ ನಿಂತಿರುವಾಗಲೇ, ಯಂತ್ರ ಎಳೆಗರುವಿನ ಹಾಗೆ ಕೂಗಿತು.

ಶಂಕ್ರಪ್ಪನವರೇ ಗುದ್ದಲಿ ತಂದು ಅಗೆದರು. ಹಸಿರುಗಟ್ಟಿದ ಗಿಂಡಿ ಬಂತು. ವೀರವ್ವ ಅರಿವೆ ಹರಿದು ಕೈ ಹಾಕಿದಳು. ಬೋರಮಾಳ ಸರ ಬಿಸಿಲಿಗೆ ಮಿಣಮಿಣ ಎಂದಿತು. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಅತ್ತಳು, ಆಮೇಲೆ ಕೊರಳಿಗೆ ಹಾಕಿಕೊಂಡಳು, ಆಮೇಲೆ ಗಂಡನನ್ನು ನೋಡಿದಳು. ಈ ಮೂರನೆಯದಕ್ಕೇ ಅವನು ನಾಲ್ಕು ವರ್ಷ ಹೆದರಿದ್ದು.

“ಸೋಮವಾರ ನಿಶ್ಚಯ ಮಾಡ್ಕೊಂಡ ಬಿಡೂನ್ರಿ,” ಎಂದು ಶಂಕ್ರಪ್ಪನವರು ಅವಸರದಿಂದ ನಡುವೆ ಬಂದರು. ಶಿದ್ಲಿಂಗಪ್ಪನ ಕಿವಿಯ ಹತ್ತಿರ ಬಾಗಿ, “ನಾ ಹೇಳಿದ್ದು...” ಎಂದರು.

“ನನಗ ಏನೂ ಕೇಳಿಸಿಲ್ಲರಿ. ಕಿವ್ಯಾಗ ಬಟ್ಟಲು ಇತ್ತು.”

ಬೀಗರು ಅವನ ಕೈ ಒತ್ತಿದರು. ಹೊರಡುವಾಗ ಯಾರೂ ನೋಡುತ್ತಿಲ್ಲವೆಂದು ತಿಳಿದು, ಕರಿ ಕುದುರೆಯ ಮೊಳೆಯನ್ನು ಮಣ್ಣಿನಿಂದ ಎತ್ತಿ, ಒರೆಸಿ, ತಮ್ಮ ಎಡಗಾಲಿನ ಮೆಟ್ಟಿನೊಳಗೆ ಸೇರಿಸಿಕೊಂಡರು.

ಚಕ್ಕಡಿಯಲ್ಲಿ ವೀರವ್ವ ತೀರ್ಪು ಕೊಟ್ಟಳು. “ಹೊಲದಾಗ ಬಂಗಾರ ಸಿಕ್ಕತು ಅಂತ ಬಜಾರಕ್ಕ ಗೊತ್ತಾದ್ರ ನಾಳೆ ಊರ ಜನ ಎಲ್ಲಾ ಗುದ್ದಲಿ ತಗೊಂಡ ಬರತಾರ. ಯಾರ ಕೇಳಿದ್ರೂ ಮೊಳಿ ಇತ್ತು, ತಗಸಿದೆ ಅಂತ ಹೇಳ್ರಿ. ನಾಗಕ್ಕಾ, ನೀವೂ ಹಂಗ ಹೇಳ್ರಿ.”

“ನಾ ಅಂತೂ ಹಂಗ ಹೇಳೇನೆವಾ, ಮೊದ್ಲಿಂದ,” ಎಂದಳು ನಾಗವ್ವ.

“ಎಷ್ಟ ದಿವಸ ಹಂಗ ಹೇಳೂದು?” ಎಂದ ಶಿದ್ಲಿಂಗಪ್ಪ.

“ಮೊಮ್ಮಕ್ಕಳ ಲಗ್ನ ಆಗೂತನಕ.”

ಮರುದಿನ ಶಿದ್ಲಿಂಗಪ್ಪ ಅಂಗಡಿಗೆ ಬಂದ. ಎಡಗಾಲಿನ ಹಿಮ್ಮಡಕ್ಕೆ ಎಕ್ಕದ ಎಲೆ ಕಟ್ಟಿತ್ತು. ಮುಳ್ಳಿನ ನೋವಿಗೆ ಕಾಲು ಅಗಲಿಸಿ, ತುಟಿ ಕಚ್ಚಿ, ಒಂದೊಂದೇ ಹೆಜ್ಜೆ ಇಟ್ಟು ಬರುವುದನ್ನು ಬಜಾರು ಎದ್ದು ನಿಂತು ನೋಡಿತು. ಸಾವಕಾರರು ಲೋಡನ್ನು ತಾವೇ ತಟ್ಟಿ ಮೆತ್ತಗೆ ಮಾಡಿದರು.

“ತಗದ್ರೇನಪಾ?”

“ತಗದ್ರಿ.”

“ಎಲ್ಲಾ?”

“ಕಡೀಕ ಒಂದ ಉಳದಿತ್ತರಿ. ಅದನ್ನೂ ನಿನ್ನೆ ಚಾಕು ಹಾಕಿ ತಗದ್ರು.”

“ಅದ್ಹೆಂಗ ಉಳೀತೋ?”

ಶಿದ್ಲಿಂಗಪ್ಪ ಲೋಡಿನ ಮೇಲೆ ನಿಧಾನವಾಗಿ ಕೂತ. ನಾಲ್ಕು ವರ್ಷದಲ್ಲಿ ಮೊದಲ ಸಲ ಅವನಿಗೆ ಸುಳ್ಳು ಹೇಳುವ ಅವಶ್ಯಕತೆ ಕಾಣಲಿಲ್ಲ.

“ಅದು ಉಳದದ್ದಲ್ರಿ ಸಾವಕಾರ್ರ,” ಎಂದ. “ಹೆಂಡ್ತಿ ಇಟ್ಟದ್ದು.”